ಮಾದರಿ ಉಗಿ ಎಂಜಿನ್ನಿಗೆ ಬೆಳಕು ಮತ್ತು ದನಿ: ದೀಪದ ದುರಸ್ತಿಯಿಂದ ಧ್ವನಿ ಅಳವಡಿಕೆಯವರೆಗೆ

ಡೀಸೆಲ್ ರೈಲು ಎಂಜಿನ್ನಿನ ಪುಟ್ಟ ಮಾದರಿಯಲ್ಲಿ ಡಿಕೋಡರ್ (ಹಳಿಯಿಂದ ಬರುವ ಆದೇಶಗಳನ್ನು ಓದುವ ಸಣ್ಣ ಸರ್ಕ್ಯೂಟು), ಸ್ಪೀಕರ್, ದೀಪಗಳೆಲ್ಲ ಪೆಟ್ಟಿಗೆಯಂಥ ಒಂದೇ ಮೈಯೊಳಗೆ ಅಡಗಿ ಕೂರುತ್ತವೆ. ಉಗಿ ಎಂಜಿನ್ನಿನ ಮಾದರಿಯಲ್ಲಿ ಆ ಅನುಕೂಲವಿಲ್ಲ. ಬಾಯ್ಲರ್ ಎಂಬ ಕಿರಿದಾದ ಕೊಳವೆಯನ್ನು ಮೋಟರು, ಗೇರು ಮತ್ತು ಭಾರಕ್ಕಾಗಿ ಇಟ್ಟ ಲೋಹದ ತುಂಡು ಮೊದಲೇ ಆಕ್ರಮಿಸಿಕೊಂಡಿರುವುದರಿಂದ, ಹೊಸದಾಗಿ ಸೇರಿಸುವ ಎಲ್ಲಕ್ಕೂ ಸಾಮಾನ್ಯವಾಗಿ ಹಿಂದಿನ ಟೆಂಡರಿನಲ್ಲೇ, ಅಂದರೆ ಕಲ್ಲಿದ್ದಲು-ನೀರು ಹೊರುವ ಗಾಡಿಯಲ್ಲೇ, ಜಾಗ ಹುಡುಕಬೇಕಾಗುತ್ತದೆ. ದೀಪ ಎಂಜಿನ್ನಿನ ಮೂತಿಯಲ್ಲಿ, ಅದನ್ನು ಬೆಳಗಿಸುವ ಡಿಕೋಡರ್ ಟೆಂಡರಿನಲ್ಲಿ. ಇವೆರಡರ ನಡುವೆ ಪ್ರತಿ ತಿರುವಿನಲ್ಲೂ ಅತ್ತಿತ್ತ ಹೊರಳುವ ಒಂದು ಕೀಲು. ನಾನು ಈವರೆಗೆ ಬಿಚ್ಚಿ ನೋಡಿದ ಉರಿಯದ ದೀಪಗಳಲ್ಲಿ ಬಲ್ಬು ಸುಟ್ಟದ್ದಕ್ಕಿಂತ ಈ ಕೀಲಿನ ಬಳಿ ತಂತಿ ತುಂಡಾದದ್ದೇ ಹೆಚ್ಚು. ಆದ್ದರಿಂದ ಈ ಬರಹದ ಕ್ರಮವೂ ವಿದ್ಯುತ್ತು ಸಾಗುವ ದಾರಿಯನ್ನೇ ಹಿಡಿದಿದೆ: ಮೊದಲು ಹಳಿ ಮತ್ತು ಚಕ್ರ, ಆಮೇಲೆ ದೀಪ, ಆಮೇಲೆ ಡಿಕೋಡರ್, ಕೊನೆಗೆ ದನಿ.

ಇಲ್ಲಿನ ಅಳತೆಗಳು 1:87 ಪ್ರಮಾಣದ ಎಚ್‌ಒ ಮಾದರಿಗಳನ್ನು ಗಮನದಲ್ಲಿಟ್ಟು ಕೊಟ್ಟವು. ಅದೇ 16.5 ಮಿ.ಮೀ. ಹಳಿಯ ಮೇಲೆ ಓಡುವ 1:76 ಪ್ರಮಾಣದ ಒಒ ಮಾದರಿಗಳಿಗೂ ಇವು ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತವೆ.

ಹಳಿಯಲ್ಲಿ ಹರಿಯುವುದೇನು?

ಹಳೆಯ ಅನಲಾಗ್ ಪದ್ಧತಿಯಲ್ಲಿ ಹಳಿಗೆ ಸೊನ್ನೆಯಿಂದ 12 ವೋಲ್ಟಿನವರೆಗೆ ನೇರ ವಿದ್ಯುತ್ತು ಬರುತ್ತದೆ. ವೋಲ್ಟೇಜು ಏರಿದಂತೆ ವೇಗ ಏರುತ್ತದೆ. ಧ್ರುವ ಬದಲಾದರೆ ದಿಕ್ಕು ಬದಲಾಗುತ್ತದೆ. ಎಂಜಿನ್ ನಿಂತಾಗ ದೀಪ ಆರುವುದೂ, ನಿಧಾನವಾಗಿ ಹೋಗುವಾಗ ಮಂಕಾಗುವುದೂ ಈ ಪದ್ಧತಿಯ ಹುಟ್ಟುಗುಣವೇ ಹೊರತು ದೋಷವಲ್ಲ. ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ಹಳಿಯಲ್ಲಿ ಸದಾ ಸುಮಾರು 14 ವೋಲ್ಟು ಇದ್ದು, ಅದರ ಧ್ರುವ ಸೆಕೆಂಡಿಗೆ ಸಾವಿರಾರು ಸಲ ತಿರುವುಮುರುವಾಗುತ್ತಿರುತ್ತದೆ. ಆ ತಿರುವುಗಳ ಕಾಲಾಂತರದಲ್ಲೇ ಆದೇಶಗಳು ಅಡಗಿರುತ್ತವೆ. ಎಂಜಿನ್ನಿನೊಳಗಿನ ಡಿಕೋಡರ್ ಅವನ್ನು ಓದಿ ಮೋಟರನ್ನೂ ದೀಪಗಳನ್ನೂ ಬೇರೆಬೇರೆಯಾಗಿ ನಡೆಸುತ್ತದೆ. ಜರ್ಮನಿಯ ಲೆಂಜ್ ಸಂಸ್ಥೆ ರೂಪಿಸಿದ ವ್ಯವಸ್ಥೆಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲಿ ಇದನ್ನು ಮಾನಕವಾಗಿಸಿದ್ದರಿಂದಲೇ, ಒಬ್ಬ ತಯಾರಕರ ಡಿಕೋಡರ್ ಇನ್ನೊಬ್ಬರ ನಿಯಂತ್ರಕದೊಂದಿಗೆ ಇಂದು ಕೆಲಸ ಮಾಡುತ್ತದೆ.

ಕೆಲಸಕ್ಕೆ ಬೇಕಾದ ಸಲಕರಣೆ ಹೆಚ್ಚಿಲ್ಲ: ಸದ್ದು ಮಾಡಿ ಸಂಪರ್ಕ ತಿಳಿಸುವ ಮಲ್ಟಿಮೀಟರ್, ಚೂಪುತುದಿಯ 25ರಿಂದ 40 ವ್ಯಾಟಿನ ಬೆಸುಗೆ ಕಡ್ಡಿ, ರಾಳ ತುಂಬಿದ ತೆಳು ಸೋಲ್ಡರ್, ಎಳೆಎಳೆಯಾದ ಮೃದು ತಂತಿ, ಬಿಸಿಗೆ ಕುಗ್ಗಿ ಗಂಟನ್ನು ಮುಚ್ಚುವ ಹೀಟ್‌ಶ್ರಿಂಕ್ ಟ್ಯೂಬು, ಸಣ್ಣ ಸ್ಕ್ರೂಡ್ರೈವರುಗಳು ಮತ್ತು ಎಂಜಿನ್ನನ್ನು ತಲೆಕೆಳಗಾಗಿ ಮಲಗಿಸಲು ಸ್ಪಂಜಿನ ತೊಟ್ಟಿಲು. ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸಿನಲ್ಲಿ ಆಮ್ಲವಿರುವುದನ್ನು ಮಾತ್ರ ಹತ್ತಿರ ತರಬಾರದು. ಅದು ತೆಳು ತಂತಿಯನ್ನು ತಿಂಗಳುಗಟ್ಟಲೆ ಸದ್ದಿಲ್ಲದೆ ತಿನ್ನುತ್ತಾ ಹೋಗುತ್ತದೆ.

ಹಂತ 1: ದೋಷ ಎಲ್ಲಿದೆಯೆಂದು ಕಂಡುಹಿಡಿಯುವುದು

ದೀಪ ಮಿನುಗುತ್ತಿದ್ದರೆ ಮೊದಲ ಅನುಮಾನ ಕೊಳೆಯ ಮೇಲೆ ಇರಲಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಕಾಗದದ ಟವೆಲನ್ನು ಹಳಿಯ ಮೇಲೆ ಹಾಸಿ, ಎಂಜಿನ್ನಿನ ಅರ್ಧ ಚಕ್ರಗಳನ್ನು ಅದರ ಮೇಲೂ ಉಳಿದ ಅರ್ಧವನ್ನು ಬರಿಯ ಹಳಿಯ ಮೇಲೂ ಇರಿಸಿ ಕೈಯಲ್ಲಿ ಹಿಡಿದು ಓಡಿಸಿದರೆ, ಕಾಗದದ ಮೇಲೆ ಎರಡು ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ಮೂಡುವುದು ನಿಲ್ಲುವವರೆಗೆ ಕಾಗದ ಬದಲಿಸುತ್ತಾ ಹೋಗಬೇಕು. ಆಮೇಲೆ ಚಕ್ರದ ಹಿಂಬದಿಗೆ ಒರಗಿ ವಿದ್ಯುತ್ತು ಹಿಡಿಯುವ ಹಿತ್ತಾಳೆ ಅಥವಾ ಕಂಚಿನ ಪಟ್ಟಿಗಳನ್ನು ನೋಡಬೇಕು. ಅವುಗಳಲ್ಲಿ ಒಂದು ಬಾಗಿ ಚಕ್ರವನ್ನು ಮುಟ್ಟದೇ ಇರುವುದು ಬಲು ಸಾಮಾನ್ಯ.

ಅನೇಕ ಹಳೆಯ ಮಾದರಿಗಳಲ್ಲಿ, ಅದರಲ್ಲೂ ಹಿತ್ತಾಳೆಯಲ್ಲಿ ಮಾಡಿದವುಗಳಲ್ಲಿ, ಎಂಜಿನ್ನಿನ ಚಕ್ರಗಳು ಒಂದು ಹಳಿಯಿಂದ ಮಾತ್ರ, ಟೆಂಡರಿನ ಚಕ್ರಗಳು ಇನ್ನೊಂದು ಹಳಿಯಿಂದ ಮಾತ್ರ ವಿದ್ಯುತ್ತನ್ನು ಪಡೆಯುತ್ತವೆ. ಎರಡನ್ನೂ ಕೂಡಿಸುವುದು ನಡುವಿನ ಡ್ರಾಬಾರ್. ಆ ಲೋಹದ ಕಡ್ಡಿಯ ತೂತಿನಲ್ಲಿ ಎಣ್ಣೆಯೋ ತುಕ್ಕೋ ಸೇರಿಕೊಂಡರೆ ಇಡೀ ಎಂಜಿನ್ನೇ ತಡವರಿಸುತ್ತದೆ. ಇಂಥ ಮಾದರಿಗೆ ಡ್ರಾಬಾರನ್ನು ನೆಚ್ಚಿಕೊಳ್ಳದೆ ಒಂದು ಮೃದು ತಂತಿಯನ್ನು ಜೊತೆಗೂಡಿಸುವುದು, ಮುಂದೆ ದನಿ ಸೇರಿಸುವ ಉದ್ದೇಶವಿಲ್ಲದಿದ್ದರೂ, ಮಾಡತಕ್ಕ ಕೆಲಸವೇ.

ಈಗ ದೀಪದ ತಂತಿಯ ಪರೀಕ್ಷೆ. ಹಳಿಯಿಂದ ಎಂಜಿನ್ನನ್ನು ತೆಗೆದು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಟೆಂಡರಿನಲ್ಲಿ ದೀಪದ ತಂತಿ ಹೊರಡುವ ಜಾಗಕ್ಕೂ, ಇನ್ನೊಂದನ್ನು ಬಾಯ್ಲರಿನ ಮುಂದೆ ಅದೇ ತಂತಿಯ ತುದಿಗೂ ಮುಟ್ಟಿಸಿ, ಬೀಪ್ ಸದ್ದು ಕೇಳುತ್ತಿರುವಾಗಲೇ ಟೆಂಡರನ್ನು ಎಡಕ್ಕೂ ಬಲಕ್ಕೂ ಹೊರಳಿಸಬೇಕು. ಸದ್ದು ಕಡಿದುಕಡಿದು ಬಂದರೆ ತಂತಿ ಒಳಗೇ ತುಂಡಾಗಿದೆ ಎಂದರ್ಥ, ಹೊರಗಿನ ಹೊದಿಕೆ ಎಷ್ಟೇ ನೆಟ್ಟಗೆ ಕಂಡರೂ. ನೇರ ಹಳಿಯಲ್ಲಿ ಉರಿದು ತಿರುವಿನಲ್ಲಿ ಆರುವ ದೀಪದ ರೋಗ ಬಹುಪಾಲು ಇದೇ. ತಂತಿ ಸರಿಯಿದ್ದರೆ ಮಾತ್ರ ಬಲ್ಬಿನತ್ತ ಕೈ ಹಾಕಬೇಕು. ಎಲ್‌ಇಡಿಯಾಗಿದ್ದರೆ 9 ವೋಲ್ಟಿನ ಬ್ಯಾಟರಿಗೆ 1 ಕಿಲೋಓಮಿನ ರೆಸಿಸ್ಟರ್ ಸೇರಿಸಿ ಮುಟ್ಟಿಸಿದರೆ ಸಾಕು. ಹರಿಯುವುದು ಸುಮಾರು 6 ಮಿಲಿಆಂಪಿಯರ್ ಆದ್ದರಿಂದ ಅದಕ್ಕೆ ಅಪಾಯವಿಲ್ಲ. ಒಂದು ಬದಿಗೆ ಉರಿಯದಿದ್ದರೆ ತಿರುಗಿಸಿ ಮುಟ್ಟಿಸಿ ನೋಡಿ.

ಹಂತ 2: ಬಲ್ಬಿನ ಜಾಗಕ್ಕೆ ಎಲ್‌ಇಡಿ

ಹಳೆಯ ಮಾದರಿಗಳಲ್ಲಿ ಎರಡು ಬಗೆಯ ಬಲ್ಬುಗಳು ಸಿಗುತ್ತವೆ. 12 ವೋಲ್ಟಿನ ಬಲ್ಬನ್ನು ಡಿಸಿಸಿಯಲ್ಲಿ ಗಂಟೆಗಟ್ಟಲೆ ಉರಿಸಿದರೆ ಅದರ ಬಿಸಿಗೆ ಪ್ಲಾಸ್ಟಿಕ್ ಬಾಯ್ಲರಿನ ಮೂತಿ ಕರಗಿ ಸೊಟ್ಟಗಾದೀತು. 1.5 ವೋಲ್ಟಿನ ಪುಟ್ಟ ಬಲ್ಬು ಬಿಸಿಯಾಗುವುದು ಕಡಿಮೆಯಾದರೂ, ಡಿಕೋಡರಿನಿಂದ ಬರುವ ಸುಮಾರು 12.5 ವೋಲ್ಟಿನಲ್ಲಿ 11 ವೋಲ್ಟನ್ನು ರೆಸಿಸ್ಟರಿನಲ್ಲೇ ಕಳೆಯಬೇಕಾಗುತ್ತದೆ; 30 ಮಿಲಿಆಂಪಿಯರಿನ ಬಲ್ಬಾದರೆ ಆ ರೆಸಿಸ್ಟರ್ ಮೂರನೇ ಒಂದು ವ್ಯಾಟಿನಷ್ಟು ಬಿಸಿಯನ್ನು ಉಗುಳುತ್ತದೆ. ಬಲ್ಬಿನ ಬಣ್ಣ ಚೆಂದ ಎಂಬುದು ನಿಜ. ಆದರೂ ಬಿಚ್ಚಿದ ಮೇಲೆ ಮತ್ತೆ ಬಲ್ಬನ್ನೇ ಹಾಕುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಎಲ್‌ಇಡಿ ಆರಿಸುವಾಗ 2700ರಿಂದ 3000 ಕೆಲ್ವಿನ್ನಿನ ಬೆಚ್ಚನೆಯ ಬಿಳುಪನ್ನೇ ಕೇಳಿ ಪಡೆಯಬೇಕು. ನೀಲಿ ಛಾಯೆಯ ಬಿಳಿ ಎಲ್‌ಇಡಿ ಉಗಿ ಎಂಜಿನ್ನಿನ ಮುಖದಲ್ಲಿ ಟಾರ್ಚು ಕಚ್ಚಿಸಿದಂತೆ ಕಾಣುತ್ತದೆ. ನಿಮ್ಮ ಮಾದರಿ ಯಾವ ದೇಶದ ಎಂಜಿನ್ ಎಂಬುದನ್ನೂ ನೆನಪಿಡಬೇಕು. ಅಮೆರಿಕದ ಎಂಜಿನ್ನುಗಳಿಗೆ ಹಳಿಯನ್ನೇ ಬೆಳಗುವ ದೊಡ್ಡ ಹೆಡ್‌ಲೈಟ್ ಇತ್ತು. ಮೊದಲು ಎಣ್ಣೆಯದು, ಮುಂದೆ ಉಗಿಯಿಂದಲೇ ತಿರುಗುವ ಪುಟ್ಟ ಟರ್ಬೊ-ಜನರೇಟರಿನಿಂದ ಉರಿಯುವ ವಿದ್ಯುದ್ದೀಪ. ಬ್ರಿಟನ್ನಿನ ಎಂಜಿನ್ನುಗಳ ಮುಂದಿದ್ದ ಎಣ್ಣೆದೀಪಗಳಾದರೋ ದಾರಿ ಬೆಳಗಲು ಇದ್ದವಲ್ಲ. ಬರುತ್ತಿರುವುದು ಯಾವ ದರ್ಜೆಯ ಗಾಡಿ ಎಂಬುದನ್ನು ಅವುಗಳ ಸ್ಥಾನದಿಂದಲೇ ಸಿಗ್ನಲ್‌ಮನ್ನನಿಗೆ ತಿಳಿಸುತ್ತಿದ್ದವು. ಅಂಥ ದೀಪವನ್ನು ಮಂಕಾಗಿಯೇ ಇಡಬೇಕು.

ಹೊಳಪನ್ನು ತೀರ್ಮಾನಿಸುವುದು ರೆಸಿಸ್ಟರ್. ಲೆಕ್ಕ ಸರಳವಾಗಿದೆ: 12.5 ವೋಲ್ಟಿನಲ್ಲಿ ಎಲ್‌ಇಡಿ ಸುಮಾರು 3 ವೋಲ್ಟನ್ನು ಉಳಿಸಿಕೊಳ್ಳುತ್ತದೆ, ಉಳಿದ 9.5 ವೋಲ್ಟನ್ನು ರೆಸಿಸ್ಟರಿನ ಬೆಲೆಯಿಂದ ಭಾಗಿಸಿದರೆ ವಿದ್ಯುತ್ತಿನ ಪ್ರಮಾಣ ಸಿಗುತ್ತದೆ. 1 ಕಿಲೋಓಮಿಗೆ 9.5 ಮಿಲಿಆಂಪಿಯರ್, 2.2 ಕಿಲೋಓಮಿಗೆ ಸುಮಾರು 4.3. ಇಂದಿನ ಎಲ್‌ಇಡಿಗಳಿಗೆ ಎರಡನೆಯದೇ ಧಾರಾಳ. ಎಣ್ಣೆದೀಪದ ಭಾವನೆ ಬೇಕಿದ್ದರೆ 10 ಕಿಲೋಓಮಿನವರೆಗೂ ಹೋಗಬಹುದು. ಕಾಲು ವ್ಯಾಟಿನ ರೆಸಿಸ್ಟರ್ ಸಾಕಾಗುತ್ತದೆ. ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಇರಬೇಕು. ಹಲವನ್ನು ಜೊತೆಜೊತೆಗೆ ಕಟ್ಟಿ ಒಂದೇ ರೆಸಿಸ್ಟರ್ ಹಾಕಿದರೆ ಒಂದು ಹೆಚ್ಚು, ಒಂದು ಕಡಿಮೆ ಉರಿಯುತ್ತವೆ.

ಎಲ್‌ಇಡಿಯ ಉದ್ದ ಕಾಲು ಪ್ಲಸ್. ಡಿಸಿಸಿಯಲ್ಲಿ ಅದು ರೆಸಿಸ್ಟರಿನ ಮೂಲಕ ಡಿಕೋಡರಿನ ನೀಲಿ ತಂತಿಗೆ, ಗಿಡ್ಡ ಕಾಲು ಮುಂದಿನ ದೀಪವಾದರೆ ಬಿಳಿ ತಂತಿಗೆ, ಹಿಂದಿನದಾದರೆ ಹಳದಿ ತಂತಿಗೆ ಹೋಗಬೇಕು. ಅನಲಾಗ್ ಹಳಿಯಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಸಾಮಾನ್ಯ ಎಲ್‌ಇಡಿ ಹಿಮ್ಮುಖವಾಗಿ 5 ವೋಲ್ಟಿನಷ್ಟನ್ನು ಮಾತ್ರ ತಡೆದುಕೊಳ್ಳುವುದರಿಂದ, ಎಂಜಿನ್ ಹಿಂದಕ್ಕೆ ಓಡುವಾಗ ಅದು ಸಾಯಬಹುದು. ಎಲ್‌ಇಡಿಗೆ ಅಡ್ಡಲಾಗಿ, ವಿರುದ್ಧ ದಿಕ್ಕಿನಲ್ಲಿ, ವಿದ್ಯುತ್ತನ್ನು ಒಂದೇ ಕಡೆಗೆ ಬಿಡುವ 1ಎನ್4148 ಡಯೋಡೊಂದನ್ನು ಬೆಸೆದರೆ ಆ ಭಯ ತಪ್ಪುತ್ತದೆ.

ಎಲ್‌ಇಡಿಯನ್ನು ಮೂತಿಯ ದೀಪದ ಗೂಡಿನಲ್ಲಿ ಕೂರಿಸಿ, ಅದರ ಹಿಂಬದಿಗೆ ಕಪ್ಪು ಬಣ್ಣ ಬಳಿಯುವುದನ್ನು ಮರೆಯಬಾರದು. ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಯ್ಲರ್ ಇಡಿಯಾಗಿ ಕಂದೀಲಿನಂತೆ ಬೆಳಗುತ್ತದೆ. ಬೆಸುಗೆಯ ಪ್ರತಿ ಗಂಟಿಗೂ ಹೀಟ್‌ಶ್ರಿಂಕ್ ತೊಡಿಸಬೇಕು, ಯಾಕೆಂದರೆ ಪಕ್ಕದಲ್ಲೇ ಇರುವ ಭಾರದ ತುಂಡು ಅಪ್ಪಟ ಲೋಹ.

ಹಂತ 3: ಮೋಟರನ್ನು ಒಂಟಿಯಾಗಿಸುವುದು

ಡಿಕೋಡರ್ ಸುಡುವುದು ಹೆಚ್ಚಾಗಿ ಈ ಹಂತವನ್ನು ಹಾರಿಸಿದಾಗ. ಹಳೆಯ ಮಾದರಿಗಳಲ್ಲಿ ಮೋಟರಿನ ಒಂದು ಬ್ರಷ್ (ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ತುಂಡು) ನೇರವಾಗಿ ಲೋಹದ ಚೌಕಟ್ಟಿಗೆ ತಾಗಿರುತ್ತದೆ. ಆ ಚೌಕಟ್ಟು ಒಂದು ಹಳಿಗೆ ಸೇರಿರುತ್ತದೆ. ಹಾಗೆಯೇ ಡಿಕೋಡರ್ ಜೋಡಿಸಿದರೆ ಹಳಿಯ ವಿದ್ಯುತ್ತು ಮೋಟರಿನ ದಾರಿಯಿಂದ ಹಿಂದಕ್ಕೆ ನುಗ್ಗಿ ಅದನ್ನು ಕ್ಷಣದಲ್ಲಿ ಮುಗಿಸುತ್ತದೆ. ನನ್ನ ಮೊದಲ ಧ್ವನಿ ಡಿಕೋಡರ್ ಹೀಗೆಯೇ ಹೋಯಿತು. ಬ್ರಷ್ಷಿಗೆ ಬೇರೆ ತಂತಿ ಹಾಕಿದ್ದೆ, ಆದರೆ ಮೋಟರನ್ನು ಬಿಗಿಯುವ ತಿರುಪೇ ಅದನ್ನು ಚೌಕಟ್ಟಿಗೆ ಮುಟ್ಟಿಸುತ್ತಿರುವುದನ್ನು ಗಮನಿಸಿರಲಿಲ್ಲ.

ಬ್ರಷ್ಷುಗಳೆರಡನ್ನೂ ಚೌಕಟ್ಟಿನಿಂದ ಬಿಡಿಸಿ, ಅಗತ್ಯವಿದ್ದೆಡೆ ಶಾಖ ತಾಳುವ ಟೇಪನ್ನೂ ನೈಲಾನ್ ತಿರುಪನ್ನೂ ಬಳಸಿ, ಆಮೇಲೆ ಮಲ್ಟಿಮೀಟರಿನಿಂದ ಪ್ರತಿ ಬ್ರಷ್ಷನ್ನೂ ಪ್ರತಿ ಚಕ್ರದೊಂದಿಗೆ ಹೋಲಿಸಿ ನೋಡಬೇಕು. ಯಾವ ಜೋಡಿಯೂ ಬೀಪ್ ಎನ್ನಬಾರದು. ಮೇಲ್ಭಾಗವನ್ನು ಮುಚ್ಚಿ ತಿರುಪು ಬಿಗಿದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ತೆರೆದ ಚೌಕಟ್ಟಿನ ಹಳೆಯ ಮೋಟರಾಗಿದ್ದರೆ ಅದರ ಅಯಸ್ಕಾಂತವನ್ನು ಮಾತ್ರ ಹೊರತೆಗೆಯಬೇಡಿ. ಹೊರಬಂದೊಡನೆ ಅದರ ಬಲ ಕುಗ್ಗುತ್ತದೆ.

ಜೊತೆಗೇ ಇನ್ನೊಂದು ಅಳತೆ. 12 ವೋಲ್ಟು ಕೊಟ್ಟು, ಚಕ್ರಗಳನ್ನು ಬೆರಳಿನಿಂದ ಒಂದು ಗಳಿಗೆ ತಡೆಹಿಡಿದು, ಮೋಟರ್ ಎಷ್ಟು ಆಂಪಿಯರ್ ಎಳೆಯುತ್ತದೆಂದು ನೋಡಬೇಕು. ಈ ಪ್ರಮಾಣ ಡಿಕೋಡರಿನ ಗರಿಷ್ಠ ಮಿತಿಯೊಳಗಿರಬೇಕು. ಮೀರಿದರೆ ದೊಡ್ಡ ಡಿಕೋಡರ್ ಕೊಳ್ಳುವುದಕ್ಕಿಂತ ಹಳೆಯ ಮೋಟರನ್ನು ಬದಲಿಸುವುದೇ ಜಾಣತನ.

ಹಂತ 4: ಡಿಕೋಡರ್ ಜೋಡಣೆ

ತಂತಿಗಳ ಬಣ್ಣ ಎನ್‌ಎಂಆರ್‌ಎ ಗೊತ್ತುಮಾಡಿದ್ದು. ಕೆಂಪು ಬಲಹಳಿಗೆ, ಕಪ್ಪು ಎಡಹಳಿಗೆ. ಕಿತ್ತಳೆ ಮತ್ತು ಬೂದು ಮೋಟರಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ. ನೀಲಿ ಎಲ್ಲ ದೀಪಗಳ ಪ್ಲಸ್. ಹಸಿರು ಮತ್ತು ನೇರಳೆ ಹೆಚ್ಚುವರಿ ಕೆಲಸಗಳಿಗೆ. ಹೊಸ ಮಾದರಿಯಾದರೆ 8-ಪಿನ್ ಅಥವಾ 21-ಪಿನ್ ಸಾಕೆಟ್ ಸಿದ್ಧವಾಗಿಯೇ ಇರುತ್ತದೆ. ಸಾಕೆಟ್ ಇದ್ದರೆ ಈ ಹಂತ ಐದು ನಿಮಿಷದ್ದು. ಇಲ್ಲದಿದ್ದರೆ ಒಂದು ಸಂಜೆಯದು.

ಟೆಂಡರ್ ಮತ್ತು ಎಂಜಿನ್ನಿನ ನಡುವೆ ಕನಿಷ್ಠ ಆರು ತಂತಿಗಳು ದಾಟುತ್ತವೆ: ಹಳಿಯದು ಎರಡು, ಮೋಟರಿನದು ಎರಡು, ಮುಂದಿನ ದೀಪದ್ದು ಎರಡು. ಇವನ್ನು ನೇರವಾಗಿ ಬೆಸೆಯದೆ ಪುಟ್ಟ ಕನೆಕ್ಟರ್ ಮೂಲಕ ಕೂಡಿಸಿದರೆ ಮುಂದಿನ ದುರಸ್ತಿ ಸುಲಭವಾಗುತ್ತದೆ. ತಂತಿ ಬಿಗಿಯಾಗಿರಬಾರದು, ಜೋತುಬಿದ್ದು ಹಳಿಯ ಕವಲಿಗೂ ಸಿಕ್ಕಬಾರದು. ನಿಮ್ಮಲ್ಲಿರುವ ಅತ್ಯಂತ ಕಡಿದಾದ ತಿರುವಿನಲ್ಲಿ ಎಂಜಿನ್ನನ್ನು ಇರಿಸಿ, ಹೊರಬದಿಯ ಅಂತರವನ್ನು ನೋಡಿಕೊಂಡು, ಅದರ ಮೇಲೆ ಒಂದೆರಡು ಮಿಲಿಮೀಟರ್ ಬಿಟ್ಟು ಉದ್ದವನ್ನು ಗೊತ್ತುಮಾಡುವುದು ನನ್ನ ರೂಢಿ.

ಬೆಂಕಿಗೂಡಿನ ಮಿನುಗು ಬೇಕಾದರೆ ಹಸಿರು ಮತ್ತು ನೇರಳೆ ತಂತಿಗಳಿಗೆ ಒಂದು ಕಿತ್ತಳೆ, ಒಂದು ಹಳದಿ ಎಲ್‌ಇಡಿಯನ್ನು ಕಟ್ಟಿ, ಡಿಕೋಡರಿನಲ್ಲಿ ಮಿನುಗುವ ಪರಿಣಾಮವನ್ನು ಆರಿಸಬಹುದು. ಒಂದೇ ಎಲ್‌ಇಡಿ ಮಿನುಗಿದರೆ ಕೆಟ್ಟ ಟ್ಯೂಬ್‌ಲೈಟಿನಂತೆ ಕಾಣುತ್ತದೆ. ಎರಡು ತಮ್ಮತಮ್ಮ ಪಾಡಿಗೆ ಮಿನುಗಿದರೆ ಬೆಂಕಿಯಾಗುತ್ತದೆ.

ಹಂತ 5: ಸ್ಪೀಕರ್ ಮತ್ತು ಅದರ ಪೆಟ್ಟಿಗೆ

ಧ್ವನಿ ಡಿಕೋಡರಿಗೆ ಹಣ ಸುರಿದು ಸ್ಪೀಕರನ್ನು ಬರಿದೇ ಟೆಂಡರಿನೊಳಗೆ ತುರುಕುವವರೇ ಹೆಚ್ಚು. ಸ್ಪೀಕರಿನ ಪೊರೆ ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದಿನಿಂದ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಅಂಚಿನಲ್ಲಿ ಸಂಧಿಸಿದರೆ ಒಂದನ್ನೊಂದು ನುಂಗಿಹಾಕುತ್ತವೆ, ಅದರಲ್ಲೂ ಕೆಳಸ್ವರಗಳು ಪೂರ್ತಿ ಮಾಯವಾಗುತ್ತವೆ. ಹಿಂಬದಿಯನ್ನು ಗಾಳಿಯಾಡದಂತೆ ಪೆಟ್ಟಿಗೆಯಲ್ಲಿ ಮುಚ್ಚಿದಾಗ ಮಾತ್ರ ಉಗಿಯ ಗುಡುಗು ಹೊರಬರುತ್ತದೆ. ನಂಬಿಕೆ ಬಾರದಿದ್ದರೆ ಸ್ಪೀಕರನ್ನು ಗಾಳಿಯಲ್ಲಿ ಹಿಡಿದು ನುಡಿಸಿ, ಆಮೇಲೆ ಅದೇ ಸದ್ದಿನ ನಡುವೆ ಅದರ ಹಿಂಬದಿಗೆ ಒಂದು ಮುಚ್ಚಳವನ್ನು ಒತ್ತಿ ಹಿಡಿದು ಕೇಳಿ.

ಪೆಟ್ಟಿಗೆ ದೊಡ್ಡದಾದಷ್ಟೂ ಸದ್ದು ಗಂಭೀರವಾಗುತ್ತದೆ. 11 × 15 ಮಿ.ಮೀ. ಅಳತೆಯ ‘ಶುಗರ್ ಕ್ಯೂಬ್’ ಸ್ಪೀಕರ್ ಮೊಬೈಲ್ ಫೋನಿನ ಕುಲದ್ದು. ಅದರ ಗಾತ್ರಕ್ಕೆ ಹೊರಡಿಸುವ ಸದ್ದು ಅಚ್ಚರಿಯದೇ. ಆದರೆ ಟೆಂಡರಿನಲ್ಲಿ ಜಾಗವಿದ್ದರೆ ಅಗಲವಾದ ಸ್ಪೀಕರೇ ಮೇಲು. ತೆಳು ಪ್ಲಾಸ್ಟಿಕ್ ಹಾಳೆಯಿಂದ ಪೆಟ್ಟಿಗೆ ಮಾಡಿ, ಮೂಲೆಗಳಿಗೂ ತಂತಿ ಹೊರಬರುವ ತೂತಿಗೂ ಅಂಟು ತುಂಬಬೇಕು. ಸೂಜಿಮೊನೆಯಷ್ಟು ಬಿರುಕು ಉಳಿದರೂ ಅಲ್ಲಿಂದ ಸೀಟಿಯಂಥ ಸೋರುಸದ್ದು ಬರುತ್ತದೆ. ಸ್ಪೀಕರಿನ ಮುಖ ಕೆಳಕ್ಕಿದ್ದರೆ ಟೆಂಡರಿನ ತಳದಲ್ಲಿ ತೂತುಗಳು ಬೇಕು. ಮೇಲಕ್ಕಿದ್ದರೆ ಕಲ್ಲಿದ್ದಲಿನ ರಾಶಿಯನ್ನು ತೆಳು ಜಾಲರಿಬಟ್ಟೆಯ ಮೇಲೆ ಅಂಟಿಸಿ ಸದ್ದಿಗೆ ದಾರಿ ಮಾಡಬಹುದು. ನನ್ನ ಕಿವಿಗೆ ಇದೇ ಹಿಡಿಸುತ್ತದೆ. ಪೆಟ್ಟಿಗೆಗಾಗಿ ಟೆಂಡರಿನ ಭಾರವನ್ನು ತೆಗೆದಿದ್ದರೆ ಬೇರೆಲ್ಲಾದರೂ ಅಷ್ಟೇ ಭಾರವನ್ನು ಮರಳಿ ತುಂಬಬೇಕು, ಇಲ್ಲವಾದರೆ ಹಗುರಾದ ಟೆಂಡರ್ ಹಳಿಯನ್ನು ಸರಿಯಾಗಿ ಹಿಡಿಯದೆ ಮೊದಲ ಹಂತದ ಕಷ್ಟ ಮತ್ತೆ ಬಾಗಿಲಿಗೆ ಬರುತ್ತದೆ.

ಡಿಕೋಡರ್ ಎಷ್ಟು ಓಮಿನ ಸ್ಪೀಕರ್ ಕೇಳುತ್ತದೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ. 8 ಓಮಿನ ಎರಡನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ 4 ಓಂ, ಸರಣಿಯಲ್ಲಿ ಜೋಡಿಸಿದರೆ 16 ಓಂ. ಹೇಳಿದ್ದಕ್ಕಿಂತ ಕಡಿಮೆ ಓಂ ಆದರೆ ಡಿಕೋಡರ್ ಬಿಸಿಯಾಗಿ ಕೆಡುತ್ತದೆ, ಹೆಚ್ಚಾದರೆ ಸದ್ದು ಸಣ್ಣದಾಗುವುದಷ್ಟೇ. ಎರಡು ಸ್ಪೀಕರಿದ್ದಾಗ ಅವುಗಳ ಧ್ರುವ ಹೊಂದಬೇಕು: 1.5 ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿದಾಗ ಎರಡರ ಪೊರೆಗಳೂ ಒಂದೇ ದಿಕ್ಕಿಗೆ ಚಲಿಸುವಂತಿರಲಿ. ಸ್ಪೀಕರಿನ ಯಾವ ತಂತಿಯೂ ಚೌಕಟ್ಟನ್ನಾಗಲೀ ನೀಲಿ ತಂತಿಯನ್ನಾಗಲೀ ಮುಟ್ಟಬಾರದು.

ಹಳಿಯ ಮೇಲಿನ ಒಂದು ಧೂಳಿನ ಕಣವನ್ನು ಮೋಟರ್ ತನ್ನ ಓಟದ ಬಲದಿಂದ ದಾಟಿಕೊಂಡೀತು, ದನಿ ಮಾತ್ರ ಕಡಿದುಹೋಗುತ್ತದೆ. ಇದಕ್ಕೆ ವಿದ್ಯುತ್ತನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಸೂಪರ್‌ಕೆಪಾಸಿಟರುಗಳ ಜೋಡಣೆ, ಅಂದರೆ ‘ಸ್ಟೇ-ಅಲೈವ್’, ಒಳ್ಳೆಯ ಮದ್ದು. ಅದರ ಪ್ಲಸ್ಸು ನೀಲಿ ತಂತಿಗೆ, ಮೈನಸ್ಸು ಡಿಕೋಡರಿನಲ್ಲಿ ಅದಕ್ಕೆಂದೇ ಇರುವ ಜಾಗಕ್ಕೆ ಹೋಗಬೇಕು. ತಿರುವುಮುರುವಾದರೆ ಕೆಪಾಸಿಟರ್ ಉಬ್ಬಿ ಒಡೆದೀತು.

ಹಂತ 6: ಹೊಂದಾಣಿಕೆ ಮತ್ತು ಲಯ

ಮೊದಲ ಪರೀಕ್ಷೆಯನ್ನು ಮುಖ್ಯ ಹಳಿಯ ಮೇಲೆ ಮಾಡದೆ, ಡಿಕೋಡರಿನ ಹೊಂದಾಣಿಕೆ ಓದಿ ಬರೆಯಲೆಂದೇ ಇರುವ ಪ್ರೋಗ್ರಾಮಿಂಗ್ ಹಳಿಯ ಮೇಲೆ ಮಾಡಬೇಕು. ಅಲ್ಲಿ ವಿದ್ಯುತ್ತು ಬಿಗಿ ಮಿತಿಯಲ್ಲಿರುವುದರಿಂದ ತಪ್ಪು ಜೋಡಣೆಯಿದ್ದರೂ ಡಿಕೋಡರ್ ಬದುಕುಳಿಯುವ ಸಾಧ್ಯತೆ ಹೆಚ್ಚು. ಡಿಕೋಡರನ್ನು ಓದಲು ಸ್ಟೇ-ಅಲೈವ್ ಅಡ್ಡಬಂದರೆ ತಾತ್ಕಾಲಿಕವಾಗಿ ಬಿಡಿಸಿಡಿ. ಡಿಕೋಡರಿನ ಹೊಂದಾಣಿಕೆಗಳೆಲ್ಲ ಸಿವಿ ಎಂಬ ಸಂಖ್ಯೆಯ ಗೂಡುಗಳಲ್ಲಿರುತ್ತವೆ: ಸಿವಿ 1ರಲ್ಲಿ ಎಂಜಿನ್ನಿನ ಸಂಖ್ಯೆ, ಸಿವಿ 29ರಲ್ಲಿ ಮೂಲ ಸ್ವಭಾವ. ವೇಗ ಹೆಚ್ಚಿಸಿದಂತೆ ಹೆಡ್‌ಲೈಟ್ ಒಂದು ಮೆಟ್ಟಿಲಿಗೆ ಹತ್ತಿ ಮುಂದಿನ ಮೆಟ್ಟಿಲಿಗೆ ಆರುತ್ತಿದ್ದರೆ ಬೆಸುಗೆಯನ್ನು ಬಿಚ್ಚಲು ಹೋಗಬೇಡಿ. ಡಿಕೋಡರ್ ವೇಗದ 14 ಮೆಟ್ಟಿಲಿನ ಲೆಕ್ಕದಲ್ಲೂ ನಿಯಂತ್ರಕ 28ರ ಲೆಕ್ಕದಲ್ಲೂ ಇರುವುದೇ ಇದರ ಕಾರಣ. ಸಣ್ಣ ಸಂಖ್ಯೆಯ ಎಂಜಿನ್ನಿಗೆ ಸಿವಿ 29ರಲ್ಲಿ 6 ಎಂದು ಬರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನು ಲಯ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಪಿಸ್ಟನ್ನಿನ ಎರಡೂ ಬದಿಗೆ ಉಗಿ ದೂಡುತ್ತದೆ, ಎರಡೂ ಬದಿಯಿಂದ ಹೊರಬೀಳುತ್ತದೆ. ಹಾಗಾಗಿ ಚಾಲಕ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಚಿಮಣಿಯಿಂದ ನಾಲ್ಕು ಸಲ ಉಗಿ ಚಿಮ್ಮುತ್ತದೆ. ನಮ್ಮ ಮಕ್ಕಳ ‘ಚುಕುಬುಕು’ವಿನಲ್ಲಿ ಅಕ್ಷರಗಳೂ ನಾಲ್ಕೇ, ಚಕ್ರದ ಒಂದು ಸುತ್ತಿಗೆ ಒಂದು ಚುಕುಬುಕು ಎಂದು ನೆನಪಿಟ್ಟುಕೊಂಡರೆ ಲೆಕ್ಕ ಎಂದೂ ತಪ್ಪುವುದಿಲ್ಲ. ಕ್ರ್ಯಾಂಕುಗಳು ಸುತ್ತಿನಲ್ಲಿ ಸಮಾನ ಅಂತರದಲ್ಲಿರುವ ಮೂರು ಸಿಲಿಂಡರಿನ ಎಂಜಿನ್ನಿಗೆ ಈ ಬಡಿತ ಆರು.

ಚಾಲಕ ಚಕ್ರದ ಅಂಚಿಗೆ ಬಿಳಿಬಣ್ಣದ ಒಂದು ಚುಕ್ಕೆಯಿಟ್ಟು, ಅತಿ ಕಡಿಮೆ ವೇಗದಲ್ಲಿ ಓಡಿಸಿ, ಚುಕ್ಕೆ ಒಂದು ಸುತ್ತು ಬರುವಾಗ ಎಷ್ಟು ಬಡಿತ ಕೇಳುತ್ತದೆಂದು ಎಣಿಸಿ, ಡಿಕೋಡರಿನಲ್ಲಿ ಬಡಿತದ ವೇಗಕ್ಕೆಂದು ಕೊಟ್ಟಿರುವ ಸಿವಿಯನ್ನು ಏರಿಳಿಸುತ್ತಾ ನಾಲ್ಕಕ್ಕೆ ತರಬೇಕು. ಆ ಸಿವಿಯ ಸಂಖ್ಯೆ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುತ್ತದೆ. ವೇಗ ಏರಿದ ಮೇಲೆ ಕಿವಿಗೆ ಎಣಿಕೆ ಸಿಗದು. ನಿಧಾನದಲ್ಲಿ ಸರಿಯಿದ್ದರೆ ಸಾಕು. ಕರಾರುವಾಕ್ಕಾದ ಲಯವೇ ಬೇಕೆನ್ನುವವರು ಚಕ್ರದ ಅಚ್ಚಿಗೆ ಪುಟ್ಟ ಅಯಸ್ಕಾಂತಗಳನ್ನು ಅಂಟಿಸಿ, ಪಕ್ಕದಲ್ಲಿ ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ರೀಡ್ ಸ್ವಿಚ್ ಇಟ್ಟು ಬಡಿತವನ್ನು ಹುಟ್ಟಿಸುತ್ತಾರೆ. ಜಾಗ ಸುಲಭವೆಂದು ಇವನ್ನು ಟೆಂಡರಿನ ಅಚ್ಚಿಗೆ ಹಾಕುವುದುಂಟು. ಚಾಲಕ ಚಕ್ರ 63 ಅಂಗುಲ, ಟೆಂಡರಿನ ಚಕ್ರ 33 ಅಂಗುಲವಿರುವ ಎಂಜಿನ್ನಿನ ಮಾದರಿಯಲ್ಲಿ ಎರಡು ಅಯಸ್ಕಾಂತ ಹಾಕಿದರೆ ಚಾಲಕ ಚಕ್ರದ ಸುತ್ತಿಗೆ 3.82 ಬಡಿತ ಬರುತ್ತದೆ. ಹತ್ತು ಸುತ್ತಿಗೆ ಸುಮಾರು ಎರಡು ಬಡಿತ ಹಿಂದೆ ಬೀಳುತ್ತದೆ. ನೋಡುವವರಿಗೆ ಇದು ಗೊತ್ತಾಗದು, ಆದರೆ ಪಕ್ಕದ ಕಡ್ಡಿಗಳ ಚಲನೆಯನ್ನೇ ದಿಟ್ಟಿಸುವ ನಿಮಗೆ ಗೊತ್ತಾಗುತ್ತದೆ.

ಕೊನೆಯದು ಸದ್ದಿನ ಮಟ್ಟ. ಹೆಚ್ಚಿನ ಡಿಕೋಡರುಗಳು ತಯಾರಾಗಿ ಬರುವ ಮಟ್ಟ ಮನೆಯ ಕೋಣೆಗೆ ವಿಪರೀತ. ಮೊದಲು ಒಟ್ಟು ಸದ್ದನ್ನು ಅರ್ಧಕ್ಕೆ ಇಳಿಸಿ. ಆಮೇಲೆ ಬಡಿತ, ಸೀಟಿ, ಗಂಟೆ, ಗಾಳಿ ಪಂಪು, ಟರ್ಬೊ-ಜನರೇಟರುಗಳನ್ನು ಒಂದೊಂದಾಗಿ ತೂಗಿಸಬೇಕು: ಸೀಟಿ ಎಲ್ಲಕ್ಕಿಂತ ಮೇಲೆ, ಬಡಿತ ಅದರ ಕೆಳಗೆ, ಉಳಿದವು ಎಂಜಿನ್ ನಿಂತಾಗ ಹತ್ತಿರ ಬಗ್ಗಿದವರಿಗೆ ಮಾತ್ರ ಕೇಳುವಷ್ಟು. ಹೆಡ್‌ಲೈಟ್ ಹತ್ತುವ ಗುಂಡಿಗೇ ಜನರೇಟರಿನ ಸಿಳ್ಳನ್ನೂ ಜೋಡಿಸಿ, ಡಿಕೋಡರಿನಲ್ಲಿ ಅವಕಾಶವಿದ್ದರೆ ದೀಪ ನಿಧಾನವಾಗಿ ಬೆಳಗುವ ಪರಿಣಾಮವನ್ನು ಆರಿಸಿಕೊಂಡರೆ, ಸಿಳ್ಳು ಏರುತ್ತಾ ಹೋದಂತೆ ದೀಪವೂ ಕೆಂಪಿನಿಂದ ಬೆಳ್ಳಗಾಗುತ್ತಿದ್ದ ನಿಜವಾದ ಎಂಜಿನ್ನಿನ ನಡತೆಗೆ ಹತ್ತಿರವಾದದ್ದು ನಿಮ್ಮ ಹಳಿಯ ಮೇಲೆ ಕಾಣಸಿಗುತ್ತದೆ.